ನಮ್ಮ ಅಂಗಳದ ಬಿಸಿಲು ಪೆಟ್ಟಿಗೆ

ನಮ್ಮ ತಾತನವರು ಮಹಾರಾಜರ ಕಾಲದಲ್ಲಿ ಚಾಮರಾಜನಗರದ ಶಿರಸ್ತೇದಾರರು. ಅವರ ರುಜುವಿದ್ದ ಕಾಗದವನ್ನು ಯಾರೂ ಎರಡನೆಯ ಸಲ ಓದಿ ನೋಡುತ್ತಿರಲಿಲ್ಲ. ನಮ್ಮ ತಂದೆಯವರು ಅದೇ ಊರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಮನೆಯ ಹಿತ್ತಲಿನಲ್ಲಿ ಒಂದು ಬಿಳಿಯ ಮರದ ಪೆಟ್ಟಿಗೆ ನಿಲ್ಲಿಸಿ, ಅದರೊಳಗೆ ಉಷ್ಣಮಾಪಕವಿಟ್ಟು, ದಿನದ ಅತಿ ಹೆಚ್ಚು ಶಾಖ ಎಷ್ಟೆಂದು ಬರೆದಿಡುತ್ತಿದ್ದರು. ಆ ಪೆಟ್ಟಿಗೆಯನ್ನು ಈಗ ನಮ್ಮ ಅಣ್ಣ ನೋಡಿಕೊಳ್ಳುತ್ತಾರೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ಒಂದು ಅಂಕಿ ತಿದ್ದಿದ ಗುರುತು ಕಂಡರೂ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದರು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗ ತಂದೆಯವರು ನನಗೂ ಅಂಥದೇ ಒಂದು ಪೆಟ್ಟಿಗೆ ಮಾಡಿಸಿಕೊಟ್ಟರು. "ಒಂದು ದಿನವೂ ಬಿಡಬೇಡ, ಒಂದು ಅಂಕಿಯೂ ಸುಳ್ಳಾಗಬಾರದು" ಎಂದಷ್ಟೇ ಹೇಳಿದರು.

ಮೂವತ್ತು ವರ್ಷಗಳ ಮೇಲಾಯಿತು, ಬಿಟ್ಟಿಲ್ಲ. ಬಂಧುಗಳ ಮದುವೆಗೆ ಹೋದರೂ ಊಟದ ಎಲೆಯ ಮುಂದಿನಿಂದ ಎದ್ದು, ಸಂಜೆ ಐದೂವರೆಗೆ ಪೆಟ್ಟಿಗೆಯ ಮುಂದೆ ನಿಂತಿದ್ದೇನೆ. ಆದರೆ ಚಾಮರಾಜನಗರ ಜಿಲ್ಲೆಯಾಗಿ, ಅದರ ಹಿಂದೆಯೇ ಮಳೆ ಕೈಕೊಟ್ಟ ವರ್ಷಗಳು ಬಂದ ಮೇಲೆ, ಆ ಪೆಟ್ಟಿಗೆಯನ್ನು ಜನ ಸುಮ್ಮನೆ ಬಿಡಲಿಲ್ಲ. ಮಾರ್ಚ್ ಬಂತೆಂದರೆ ಸಾಕು, ಏನಾದರೊಂದು ಆಗಲೇಬೇಕು. ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಬರೆದೇ ಬಿಡುತ್ತೇನೆ.

೧. ಸಂದಿಲ್ಲದ ಕೆಲಸ

ನಮ್ಮ ಪೆಟ್ಟಿಗೆಯ ಕಾಲುಗಳಿಗೆ ಗೆದ್ದಲು ಹಿಡಿಯಿತು. ಪೇಟೆ ಬೀದಿಯಲ್ಲಿ ಒಬ್ಬ ಸಾಹೇಬರು ಮರಗೆಲಸ ಮಾಡುತ್ತಾರೆ. ಊರಿನ ಅರ್ಧ ಬಾಗಿಲುಗಳು ಅವರದೇ ಕೈಯವು. ಕರೆಸಿ, ಹಳೆಯ ಪೆಟ್ಟಿಗೆ ತೋರಿಸಿ, "ಇದೇ ಅಳತೆ, ಇದೇ ಎತ್ತರ, ಹೊಸದು ಬೇಕು" ಎಂದೆ.

ಅವರು ಸುತ್ತಲಿನ ಓರೆ ಪಟ್ಟಿಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, ಯಾರೋ ಸತ್ತಂತೆ ಮುಖ ಮಾಡಿದರು. "ಇದು ಯಾರು ಮಾಡಿದ್ದಮ್ಮ? ಎಲ್ಲಾ ಕಡೆ ಸಂದು ಬಿಟ್ಟವ್ರೆ."

ಹತ್ತು ದಿನದ ಮೇಲೆ ಗಾಡಿಯಲ್ಲಿ ಹೊಸ ಪೆಟ್ಟಿಗೆ ಬಂತು. ತೇಗದ ಮರ, ಕನ್ನಡಿಯಂಥ ಪಾಲಿಶು, ಹಿತ್ತಾಳೆಯ ಚಿಲಕ. ಸಂದು ಎಂಬುದು ಹುಡುಕಿದರೂ ಇಲ್ಲ. ಸಾಹೇಬರು ಬಾಗಿಲು ಮುಚ್ಚಿ ತಟ್ಟಿ ತೋರಿಸಿದರು. "ನೋಡಿ ಅಮ್ಮಾ. ಒಳಗೆ ಇರುವೆ ಹೋಗಲ್ಲ. ಗಾಳಿ ಹೋದ್ರೆ ನನ್ನ ಉಳಿ ಸುತ್ತಿಗೆ ನಿಮ್ಮನೆ ಬಾವಿಗೆ ಹಾಕ್ತೀನಿ."

"ಗಾಳಿ ಹೋಗುವುದಕ್ಕೇ ಈ ಪೆಟ್ಟಿಗೆ ಇರುವುದು" ಎಂದೆ.

ಅವರು ನಂಬಲಿಲ್ಲ. ಎರಡು ಪೆಟ್ಟಿಗೆಗಳನ್ನೂ ಪಕ್ಕಪಕ್ಕ ನಿಲ್ಲಿಸಿ, ಅಣ್ಣನಿಂದ ಇನ್ನೊಂದು ಉಷ್ಣಮಾಪಕ ತರಿಸಿ ಎರಡರಲ್ಲೂ ಇಟ್ಟು, ಸಂಜೆ ಕರೆದು ತೋರಿಸಿದೆ. ಅವರ ಪೆಟ್ಟಿಗೆಯಲ್ಲಿ ನಾಲ್ಕು ಡಿಗ್ರಿ ಹೆಚ್ಚು. ಎರಡನ್ನೂ ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಪಾಲಿಶು ಕೆರೆದು, ಬಿಳಿ ಬಣ್ಣ ಬಳಿದು, ಪಟ್ಟಿ ಪಟ್ಟಿಯ ನಡುವೆ ನಾನು ಹೇಳಿದಷ್ಟೇ ಸಂದು ಬಿಟ್ಟು ತಂದರು. ಕೆಲಸ ಅಚ್ಚುಕಟ್ಟಾಗಿತ್ತು. ನಾನು ಹೊಗಳಿದೆ.

ಗೇಟಿನ ತನಕ ಹೋದವರು ಹಿಂದಿರುಗಿ ಬಂದು, ದನಿ ತಗ್ಗಿಸಿ ಹೇಳಿದರು: "ಅಮ್ಮಾ, ನಮ್ಮ ಅಬ್ಬಾ ಕಾಲದಿಂದ ನಮ್ಮ ಅಂಗಡಿಗೆ ಒಂದು ಮರ್ಯಾದೆ ಐತೆ. ಇದನ್ನ ನಾನು ಮಾಡಿದ್ದು ಅಂತ ದಯವಿಟ್ಟು ಯಾರಿಗೂ ಹೇಳಬೇಡಿ."

೨. ಕೈಗುಣ

ಈ ಉಷ್ಣಮಾಪಕದ ಒಂದು ಸ್ವಭಾವ ತಿಳಿದಿರಬೇಕು. ಶಾಖ ಎಲ್ಲಿಗೆ ಏರಿತೋ ಅಲ್ಲೇ ಅದರ ಪಾದರಸ ನಿಂತುಬಿಡುತ್ತದೆ. ಓದಿಕೊಂಡ ಮೇಲೆ ನಾವೇ ಕೊಡವಿ ಇಳಿಸಬೇಕು. ಜ್ವರ ನೋಡುವ ಕಡ್ಡಿಯೂ ಹೀಗೆಯೇ. ಈ ಹೋಲಿಕೆಯನ್ನು ಒಂದು ದಿನ ನಾನೇ, ಯಾವ ಗಳಿಗೆಯಲ್ಲೋ, ಎದುರು ಮನೆಯಾಕೆಗೆ ವಿವರಿಸಿದ್ದೆ.

ಒಂದು ಬೆಳಿಗ್ಗೆ ಎದ್ದು ಪೆಟ್ಟಿಗೆ ತೆಗೆದರೆ ಪಾದರಸ ಮೂವತ್ತೊಂಬತ್ತರಲ್ಲಿ ನಿಂತಿದೆ. ಹಿಂದಿನ ಸಂಜೆ ನಾನೇ ಓದಿ, ಬರೆದು, ಕೊಡವಿ ಇಟ್ಟಿದ್ದೆ. ಆಮೇಲೆ ಬಿಸಿಲು ಇನ್ನೂ ಏರಿಯೇ ಇಲ್ಲ. ಗಾಜಿನ ಕಡ್ಡಿಗೆ ಕೊಬ್ಬರಿ ಎಣ್ಣೆಯ ವಾಸನೆ ಬೇರೆ. ನೇರವಾಗಿ ಎದುರು ಮನೆಗೆ ಹೋದೆ.

"ಅಯ್ಯೋ, ಕೂತ್ಕೊಳ್ಳಿ. ನಾನೇ ಬಂದು ಹೇಳೋಣ ಅಂತಿದ್ದೆ" ಎಂದಳು ಆಕೆ, ಮುಖದ ತುಂಬ ಸಂತೋಷ. "ರಾತ್ರಿ ಊಟಕ್ಕೆ ಕೂರೋ ಹೊತ್ತಿಗೆ ನಮ್ಮನೆಯವರಿಗೆ ಮೈ ಕೆಂಡ. ನಮ್ಮ ಕಡ್ಡಿ ಇಟ್ಟು ನೋಡಿದ್ರೆ ನೂರಾ ಎರಡು. ಕೈಕಾಲೇ ಆಡಲಿಲ್ಲ. ನಿಮ್ಮ ಕಡ್ಡಿ ದೊಡ್ಡದಲ್ವಾ ಅಂತ ತಂದು ಕಂಕುಳಿಗೆ ಇಟ್ಟೆ ನೋಡಿ, ಐದೇ ನಿಮಿಷ. ಮೂವತ್ತೊಂಬತ್ತಕ್ಕೆ ಇಳೀತು!"

ಎರಡೂ ಒಂದೇ ಜ್ವರ, ಅಳತೆ ಮಾತ್ರ ಬೇರೆ, ನಿಮ್ಮದು ಫ್ಯಾರನ್‌ಹೀಟ್, ನನ್ನದು ಸೆಂಟಿಗ್ರೇಡ್ ಎಂದು ಹೇಳಲು ಬಾಯಿ ತೆಗೆದೆ.

"ಅವರೆಲ್ಲಿ ಈಗ?" ಎಂದು ಮೊದಲು ಕೇಳಿದೆ.

"ಇನ್ನೆಲ್ಲಿ? ಜ್ವರ ಬಿಡ್ತಲ್ಲ, ತಲೆಗೆ ನೀರು ಹಾಕಿ, ಅಂಗಡಿಗೆ ಕಳಿಸಿದೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಏನೇ ಹೇಳಿ, ನಿಮ್ಮ ಕಡ್ಡಿದು ಕೈಗುಣ ಚೆನ್ನಾಗಿದೆ."

೩. ಒಂದು ಡಿಗ್ರಿಗೆ ಎಷ್ಟು ದಿನ

ಹರವೆಯಿಂದ ಒಬ್ಬ ಹೆಂಗಸು ಸೊಸೆಯನ್ನು ಕರೆದುಕೊಂಡು ಬಂದಳು. ನನಗೆ ಪರಿಚಯವಿಲ್ಲ. ಬಿಸಿಲಿನ ಲೆಕ್ಕ ಬರೆಯುವವರ ಮನೆ ಎಲ್ಲಿ ಎಂದು ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಸೊಸೆ ಭೀಮನಬೀಡಿನ ಹುಡುಗಿ.

"ಅಮ್ಮಾವ್ರೇ, ನೀವೇ ನ್ಯಾಯ ಯೋಳಿ" ಎಂದಳು ಅತ್ತೆ. "ಇವ್ಳಿಗೆ ನಮ್ಮೂರ ಬಿಸ್ಲು ತಡಿಯಕಾಯ್ತಿಲ್ವಂತೆ. ಅವರೂರು ತಂಪಂತೆ. ಎಲ್ಡು ತಿಂಗ್ಳು ತೌರಿಗೆ ಓಯ್ತೀನಿ ಅಂತ ಕುಂತವ್ಳೆ. ಪುಸ್ತಕದಲ್ಲಿ ಏನೈತೋ ಅದ್ನೇ ಯೋಳ್ಬುಡಿ."

ನಿಮ್ಮ ಎರಡು ಹಳ್ಳಿಗಳ ಲೆಕ್ಕ ನನ್ನಲ್ಲಿಲ್ಲ, ಇರುವುದು ಚಾಮರಾಜನಗರ ಮತ್ತು ಗುಂಡ್ಲುಪೇಟೆಯದು ಮಾತ್ರ ಎಂದೆ. ಹರವೆ ಚಾಮರಾಜನಗರದ ಕಡೆಗೆ, ಭೀಮನಬೀಡು ಗುಂಡ್ಲುಪೇಟೆಯ ಕಡೆಗೆ ಎಂದು ಅವರೇ ಹಂಚಿಕೊಂಡರು. ನನ್ನ ಬಳಿಯೇ ಇರುವ ತಂದೆಯವರ ಪುಸ್ತಕ, ನನ್ನ ಪುಸ್ತಕ ಎರಡನ್ನೂ ಮೇಜಿನ ಮೇಲೆ ತೆರೆದು, ಕನ್ನಡಕ ಹಾಕಿಕೊಂಡು ನೋಡಿದೆ. ಗುಂಡ್ಲುಪೇಟೆ ಸುಮಾರು ಒಂದು ಡಿಗ್ರಿ ತಂಪು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೋಡುದ್ರಾ ಅತ್ತೆ!" ಎಂದಳು ಹುಡುಗಿ.

"ಸುಮ್ನಿರಮ್ಮಿ, ಒಂದೇ ಡಿಗ್ರಿ. ಅಮ್ಮಾವ್ರೇ, ಒಂದು ಡಿಗ್ರಿಗೆ ಎಷ್ಟು ದಿನ ಕಳಸ್ಬೇಕು?"

ಅದು ಪುಸ್ತಕದಲ್ಲಿ ಇಲ್ಲ ಎಂದೆ.

"ಅಂಗಾದ್ರೆ ಎಂಟು ದಿನ."

"ಎಂಟಾ? ಒಂದು ಡಿಗ್ರಿ ಅಂದ್ರೆ ಏನು ಸುಮ್ನೆ ಆಯ್ತಾ ಅತ್ತೆ? ಇಪ್ಪತ್ತಾದ್ರೂ ಬುಡಿ."

ನನ್ನ ಮೇಜಿನ ಮೇಲೆ, ನನ್ನ ತಂದೆಯವರ ಕೈಬರಹದ ಮೇಲೆ, ಸಂತೆಯಲ್ಲಿ ಅವರೆಕಾಯಿಗೆ ನಡೆಯುವಂಥ ಚೌಕಾಸಿ ನಡೆಯಿತು. ಹನ್ನೆರಡು ದಿನಕ್ಕೆ ಕುದುರಿತು. ಇಬ್ಬರೂ ನೀರು ಕುಡಿದು, ಕೈಮುಗಿದು ಹೋದರು.

ಎರಡು ದಿನ ಬಿಟ್ಟು ಅತ್ತೆ ಒಬ್ಬಳೇ ಬಂದಳು. ಸೊಸೆಯನ್ನು ಬಿಟ್ಟು ಬಂದೆಯೇನಮ್ಮ ಎಂದು ಕೇಳಿದೆ. "ಅವ್ಳು ಓದ್ಲು" ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಆಚೆ ಈಚೆ ನೋಡಿ ಹತ್ತಿರ ಸರಿದಳು. "ನನ್ನ ತೌರು ತೆರಕಣಾಂಬಿ ಕಣವ್ವ. ಓಗಿ ಆರು ವರ್ಸ ಆಯ್ತು. ಅಲ್ಲಿ ಎಷ್ಟು ಕಮ್ಮಿ ಐತೆ, ಒಸಿ ನೋಡಿ ಯೋಳು."

೪. ನೌಕರರ ಮನವಿ

ಉತ್ತರದ ಜಿಲ್ಲೆಗಳಲ್ಲಿ ಬೇಸಿಗೆಗೆ ಕಚೇರಿಗಳು ಬೆಳಿಗ್ಗೆಯ ಹೊತ್ತು ಮಾತ್ರ ನಡೆಯುತ್ತವೆ. ನಮಗೂ ಹಾಗೆಯೇ ಬೇಕೆಂದು ಕೇಳಲು ಚಾಮರಾಜನಗರದಿಂದ ಇಬ್ಬರು ನೌಕರರು ಹೊರಟಿದ್ದರು. ಮನವಿಗೆ ಆಧಾರ ಬೇಕಲ್ಲ, ನನ್ನ ಬಳಿ ಬಂದರು. ಜೊತೆಗೆ ಎರಡು ಡಜನ್ ಬಾಳೆಹಣ್ಣು. ಹಣ್ಣನ್ನು ಮೊದಲು ಹಿಂದಕ್ಕೆ ಕೊಟ್ಟೆ.

"ಮೇಡಂ, ನಲವತ್ತು ದಾಟಿದೆ ಅಂತ ಒಂದು ಕಾಗದ ಬರೆದುಕೊಡಿ, ಸಾಕು" ಎಂದರು ಹಿರಿಯರು.

"ದಾಟಿಲ್ಲ."

"ನಿನ್ನೆ ಎಷ್ಟಿತ್ತು?"

"ಮೂವತ್ತೇಳು."

"ಮೂರೇ ಕಮ್ಮಿ. ಪರೀಕ್ಷೆಯಲ್ಲೂ ಮೂರು ನಾಲ್ಕು ಮಾರ್ಕ್ಸಿಗೆ ಗ್ರೇಸ್ ಕೊಡ್ತಾರಲ್ಲ ಮೇಡಂ. ತಾವು ವಿದ್ಯಾವಂತರು."

ನನ್ನ ತಂದೆಯವರು ಮುಖ್ಯೋಪಾಧ್ಯಾಯರಾಗಿದ್ದ ಅಷ್ಟೂ ಕಾಲ ಯಾರಿಗೂ ಅರ್ಧ ಮಾರ್ಕನ್ನೂ ಹೆಚ್ಚಿಗೆ ಕೊಟ್ಟವರಲ್ಲ, ನಾನು ಸೂರ್ಯನಿಗೆ ಕೊಡುವುದಿಲ್ಲ ಎಂದೆ. ಹಿರಿಯರು ನಿಟ್ಟುಸಿರು ಬಿಟ್ಟು ಎದ್ದರು. ಕಿರಿಯವನು ಮಾತ್ರ ಜೇಬಿನಿಂದ ಪೆನ್ನು ತೆಗೆದು, ಅಂಗೈಯ ಮೇಲೆ ಏನೋ ಬರೆದುಕೊಂಡು, ಬಹಳ ವಿನಯದಿಂದ ಕೇಳಿದ:

"ಮೇಡಂ, ನಿಮ್ಮೂರಿಂದು ಮೂವತ್ತೇಳು. ನಮ್ಮೂರಿಂದು ನಿಮ್ಮಣ್ಣೋರು ಮೂವತ್ತೆಂಟು ಅಂದ್ರು. ಜಿಲ್ಲೆಗೆ ಒಟ್ಟು ಎಪ್ಪತ್ತೈದು ಅಂತ ಹಾಕ್ಕೊಂಡ್ರೆ ಸುಳ್ಳಾಗುತ್ತಾ?"

೫. ನೇಮ

ಇಷ್ಟೆಲ್ಲ ಆದರೂ ಪುಸ್ತಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಇನ್ನು ಬರೆಯುವುದು ತಪ್ಪಿದ ದಿನದ ಕಥೆ.

ಮೇ ತಿಂಗಳು. ಬಾವಿಗಳ ತಳ ಕಾಣುತ್ತಿತ್ತು. ಅಣ್ಣನ ಮಗಳ ನಿಶ್ಚಿತಾರ್ಥಕ್ಕೆಂದು ಬೆಳಿಗ್ಗೆ ಚಾಮರಾಜನಗರಕ್ಕೆ ಹೋಗಿ, ಸಂಜೆ ಐದೂಕಾಲಿಗೆ ಸರಿಯಾಗಿ ಬಸ್ಸಿಳಿದು ಬಂದೆ. ಗೇಟು ಹಾರುಹೊಡೆದಿದೆ. ಅಂಗಳದಲ್ಲಿ ಬೀದಿಯ ಎಂಟು ಹತ್ತು ಹೆಂಗಸರು. ಪೆಟ್ಟಿಗೆಯ ನಾಲ್ಕು ಕಾಲಿಗೂ ಅರಿಶಿನ ಕುಂಕುಮ, ಮೇಲೆ ಕಣಗಿಲೆ ಹೂವಿನ ಮಾಲೆ, ಕೆಳಗೆ ಒಡೆದ ತೆಂಗಿನಕಾಯಿ. ಬಾಗಿಲು ತೆರೆದಿತ್ತು. ಒಳಗೆ, ಉಷ್ಣಮಾಪಕದ ಕೆಳಗೇ, ಎರಡು ಬತ್ತಿಯ ದೀಪ ಉರಿಯುತ್ತಿತ್ತು. ಪಾದರಸ ಕೊನೆಯ ಗೆರೆಯನ್ನೂ ದಾಟಿ ತುದಿಗೆ ಹೋಗಿ ಕೂತಿತ್ತು.

ನಮ್ಮ ಯಜಮಾನರು ಜಗಲಿಯ ಮೇಲೆ ಕೂತು ತಂಬಿಟ್ಟು ತಿನ್ನುತ್ತಿದ್ದರು. "ನೀನೇ ಹೇಳಿಹೋಗಿದ್ದೀಯೇನೋ ಅಂದುಕೊಂಡೆ" ಎಂದರು.

"ಇದು ಯಾರ ಕೆಲಸ?" ಎಂದು ಕೇಳಿದೆ.

ಬೀದಿಯ ಕೊನೆಯಲ್ಲಿ ಹೂವು ಮಾರುವಾಕೆ ಮುಂದೆ ಬಂದಳು. ಅಳುಕೇ ಇಲ್ಲ. "ನಾನೇ ಅಮ್ಮಾವ್ರೇ. ಮೂವತ್ತು ವರ್ಸದಿಂದ ನೋಡ್ತಾವ್ನಿ. ದಿನಾ ಸಂಜೆ ಕೈಕಾಲು ತೊಳ್ಕೊಂಡು ಬತ್ತೀರಿ. ಬಾಗ್ಲು ತೆಗ್ದು ಬಗ್ಗಿ ನೋಡ್ತೀರಿ. ಬರ್ಕೋತೀರಿ. ಮಳೆ ಇರ್ಲಿ, ಜ್ವರ ಇರ್ಲಿ, ಮದ್ವೆ ಊಟ ಬುಟ್ಟಾದ್ರೂ ಬತ್ತೀರಿ. ಇಷ್ಟು ನೇಮ ಯಾರಾದ್ರೂ ಸುಮ್ಸುಮ್ನೆ ಮಾಡ್ತಾರಾ? ಒಳ್ಗೆ ಯಾರೋ ಅವ್ರೆ. ನೀವು ಓದ್ಕಂಡೋರು, ಬಾಯ್ಬುಟ್ಟು ಯೋಳಲ್ಲ. ಮಳೆ ಕೇಳ್ಕೊಳನ ಅಂತ ದೀಪ ಅಚ್ಚುದ್ವಿ."

ಅಷ್ಟರಲ್ಲಿ ನನ್ನ ದುರದೃಷ್ಟಕ್ಕೆ ನಾಲ್ಕು ಹನಿ ಬಿದ್ದವು. ಹೆಂಗಸರು ಕೈಮುಗಿದರು. ನಾನು ಹೋಗಿ ದೀಪ ಆರಿಸಿದೆ. ಹನಿ ನಿಂತಿತು.

"ಬತ್ತಿದ್ದ ಮಳೇನ ನಿಲ್ಲಿಸ್ಬುಟ್ರಲ್ಲಾ ಅಮ್ಮಾವ್ರೇ!" ಎಂದು ಒಟ್ಟಿಗೆ ಕೂಗಿದರು.

ಆ ಸಂಜೆ ಪುಸ್ತಕ ತೆಗೆದು, ತಾರೀಖು ಹಾಕಿದೆ. ಅದರ ಮುಂದೆ ಬರೆಯಲು ಏನೂ ಇರಲಿಲ್ಲ. ತಂದೆಯವರಿಗೆ ಕೊಟ್ಟ ಮಾತಿನಲ್ಲಿ ಮೊದಲ ಖಾಲಿ ಸಾಲು. ಪುಸ್ತಕ ಮುಚ್ಚಿದೆ.

ಮರುದಿನ ಬೆಳಿಗ್ಗೆ ಬೀದಿಯ ಹಿರಿಯರೊಬ್ಬರು ಮೂರು ನಾಲ್ಕು ಜನರೊಂದಿಗೆ ಬಂದರು. ಕ್ಷಮೆ ಕೇಳಲು ಬಂದಿರಬೇಕೆಂದು ಕುರ್ಚಿ ಹಾಕಿಸಿದೆ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಅಮ್ಮಾವ್ರೇ, ಉರಿಯೋ ದೀಪ ಆರಿಸಬಾರದಾಗಿತ್ತು. ಆಗಿದ್ದು ಆಯ್ತು. ನೀವೇ ಒಂದು ತಪ್ಪುಕಾಣಿಕೆ ಕಟ್ಟಿಬುಡಿ."

"ತಪ್ಪುಕಾಣಿಕೆ? ನಾನೇ? ನನ್ನ ಪೆಟ್ಟಿಗೆಗೇ?"

"ಈಗ ಅದು ನಿಮ್ಮ ಒಬ್ಬರದು ಅಂತ ಎಂಗೆ ಯೋಳದು ಬುಡಿ."

ಪುಸ್ತಕ ತಂದು ಖಾಲಿ ಸಾಲನ್ನು ತೋರಿಸಿದೆ. ಅವರು ನಿಧಾನವಾಗಿ ನೋಡಿ, ಮರುಕದಿಂದ ತಲೆಯಾಡಿಸಿದರು. "ಒಂದೇ ದಿನ ತಾನೇ? ಮೊನ್ನೇದನ್ನೇ ಇನ್ನೊಂದು ಸಲ ಬರ್ಕೊಳ್ಳಿ." ನಾನು ಎದ್ದು ಗೇಟು ತೆಗೆದು ನಿಂತೆ.

ಉಷ್ಣಮಾಪಕ ಪುಣ್ಯಕ್ಕೆ ಒಡೆದಿರಲಿಲ್ಲ. ಕೊಡವಿ, ಅಣ್ಣನ ಮನೆಯಿಂದ ತರಿಸಿದ ಇನ್ನೊಂದರ ಜೊತೆ ತಾಳೆ ನೋಡಿ ಇಟ್ಟಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಮೋಡ ಕವಿದು ಮಳೆ ಹಿಡಿಯಿತು. ಬಾವಿಗೆ ನೀರು ಬರುವಂಥ ಮಳೆ. ಐದೂವರೆಗೆ ಕೊಡೆ ಹಿಡಿದು ಹೋಗಿ ಪೆಟ್ಟಿಗೆ ತೆಗೆದೆ. ಉಷ್ಣಮಾಪಕದ ಪಕ್ಕದಲ್ಲಿ ಒಂದು ಸಣ್ಣ ಗಂಟು ತೂಗುತ್ತಿತ್ತು. ಅರಿಶಿನ ಹಚ್ಚಿದ ಬಟ್ಟೆ, ಒಳಗೆ ನಾಣ್ಯ. ಬಟ್ಟೆ ನಮ್ಮ ಯಜಮಾನರ ಕರ್ಚೀಫು. ಅಂಚಿಗೆ ಅವರ ಹೆಸರಿನ ಮೊದಲ ಅಕ್ಷರವನ್ನು ನಾನೇ ಕಸೂತಿ ಹಾಕಿದ್ದು.

ತಿರುಗಿ ನೋಡಿದೆ. ಅವರು ಜಗಲಿಯ ಮೇಲಿಂದ ಮಳೆಯನ್ನೇ ನೋಡುತ್ತಿದ್ದರು. "ಎಲ್ಲರೂ ಹೇಳ್ತಿದ್ದರು" ಎಂದರು. "ಯಾಕೆ ಸುಮ್ಮನೆ ಅಂತ."

ಆ ದಿನದ ಅತಿ ಹೆಚ್ಚು ಶಾಖವನ್ನು ಇದ್ದಂತೆ ಬರೆದೆ. ಖಾಲಿ ಸಾಲು ಖಾಲಿಯಾಗಿಯೇ ಇದೆ, ಹಾಗೆಯೇ ಇರುತ್ತದೆ. ತಪ್ಪು ನನ್ನದಲ್ಲ, ಪೆಟ್ಟಿಗೆಯದಲ್ಲ, ಮೋಡದ್ದೂ ಅಲ್ಲ. ದೀಪ ಹಚ್ಚಿದವರು, ಕಾಯಿ ಒಡೆದವರು, ಕಾಣಿಕೆ ಕೇಳಲು ಬಂದವರು, ಕದ್ದು ಕಾಣಿಕೆ ಕಟ್ಟಿ ತಂಬಿಟ್ಟು ತಿಂದವರು, ಒಬ್ಬರೂ ಬಿಡದೆ ನನ್ನಲ್ಲಿ ಕ್ಷಮೆ ಕೇಳಬೇಕು. ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ.