ದೋಣಿಗೆ ಕಂಬಳಿ ಹೊದಿಸಿದ ಪ್ರಸಂಗ

ನನ್ನ ಹೆಂಡತಿ ಹಿಲ್ಕ ಜಗಳವಾಡುವುದಿಲ್ಲ. ಇದನ್ನು ಕೇಳಿ ನೀವು ನನ್ನನ್ನು ಪುಣ್ಯವಂತ ಅಂದುಕೊಂಡರೆ, ಮಾತಾಡದ ಹೆಂಡತಿಯ ಅನುಭವ ನಿಮಗಿಲ್ಲ ಎಂದಾಯಿತು. ಜಗಳವಾಡುವವರ ಜೊತೆ ರಾಜಿಗಾದರೂ ಜಾಗವಿರುತ್ತದೆ. ಹಿಲ್ಕ ನೇರವಾಗಿ ತೀರ್ಪು ಕೊಡುತ್ತಾಳೆ, ಅದೂ ಆಲೂಗಡ್ಡೆ ಸುಲಿಯುತ್ತಾ.

ಕಳೆದ ವಸಂತದಲ್ಲಿ ಸರೋವರದ ಹಿಮ ಕರಗಿದ ಮೇಲೆ ನಾನು ನಮ್ಮ ಮೋಟಾರು ದೋಣಿಯ ಎಂಜಿನ್ನಿನ ಹಗ್ಗ ಎಳೆದೆ. ಅದು ಗುರ್ರೆನ್ನುವ ಬದಲು ಪಕ್ಕೆಯಿಂದ ಎಣ್ಣೆ ಕಾರಿತು. ಚಳಿಗಾಲಕ್ಕೆ ಮುಂಚೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರನ್ನೆಲ್ಲ ಇಳಿಸಬೇಕು. ನಾನು ಅದನ್ನು ಬಾಲ ಮೇಲೆತ್ತಿ ನಿಲ್ಲಿಸಿದ್ದೆ (ನೋಡಲು ಬಹಳ ಠೀವಿಯಾಗಿತ್ತು). ಒಳಗುಳಿದ ನೀರು ಹೆಪ್ಪುಗಟ್ಟಿ, ಉಬ್ಬಿ, ಲೋಹವನ್ನೇ ಸೀಳಿಹಾಕಿತ್ತು. ಹೊಸ ಎಂಜಿನ್ ಬಂತು. ಅದರ ಹಿಂದೆಯೇ ತೀರ್ಪೂ ಬಂತು.

"ಇದೂ ಸೀಳಿದ್ರೆ ದೋಣಿ ತಾರ್ಮೊಗೆ," ಎಂದಳು ಹಿಲ್ಕ.

ತಾರ್ಮೊ ಅವಳ ತಮ್ಮ. ಅವನದೊಂದು ಡಾಂಬರು ಬಳಿದ ಕಂದು ಮರದ ದೋಣಿಯಿದೆ, ಅದಕ್ಕೆ ಅವನಿಗಿಂತ ಹೆಚ್ಚು ವಯಸ್ಸು. ಭಾನುವಾರವಾದರೆ ಬಂದು ನಮ್ಮ ರೈ ರೊಟ್ಟಿ ತಿಂದು, ದಡಕ್ಕೆ ಹೋಗಿ, ನಮ್ಮ ಬಿಳಿ ದೋಣಿಯನ್ನು ಹೆಣ್ಣು ನೋಡಲು ಬಂದವನ ಹಾಗೆ ಸುತ್ತು ಹಾಕುತ್ತಾನೆ. ನನಗೋ ಆ ದೋಣಿಯೆಂದರೆ ಪ್ರಾಣ. ಬೆಳಗಿನ ಜಾವ ನೀರು ಅಲುಗದೆ ಮಲಗಿರುವಾಗ ಅದರಲ್ಲಿ ಕೂತರೆ ಎದೆ ಹಗುರಾಗುತ್ತದೆ. ಚುಕ್ಕಾಣಿಯೂ ಆಗ ನನ್ನ ಕೈಯಲ್ಲೇ ಇರುತ್ತದೆ. ಮನೆಯಲ್ಲಿ ಅದು ಯಾರ ಕೈಯಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಈ ಅಕ್ಟೋಬರಿನಲ್ಲಿ ನಾನು ಅಡುಗೆಮನೆಯ ನಡುವೆ ನಿಂತು ಪ್ರತಿಜ್ಞೆ ಮಾಡಿದೆ.

"ಈ ಸಲ ದೋಣಿ ಕೆಲಸ ಪೂರ್ತಿ ನಂದು. ಯಾರೂ ಬಂದು ಬುದ್ಧಿ ಹೇಳ್ಬಾರ್ದು. ನೀನೂ ಅಷ್ಟೆ, ನಿನ್ನ ತಮ್ಮನೂ ಅಷ್ಟೆ, ಪಕ್ಕದ್ಮನೆ ಓಸ್ಮೊನೂ ಅಷ್ಟೆ."

"ಏನೂ ಹೇಳ್ಬಾರ್ದಾ?"

"ಒಂದು ಮಾತೂ ಆಡ್ಬಾರ್ದು. ನಾನು ಏನೇ ಮಾಡ್ತಿದ್ರೂ ಸರಿ."

"ಏನೇ ಮಾಡ್ತಿದ್ರೂ?"

"ಏನೇ."

"ಆಯ್ತು. ಓಸ್ಮೊಗೂ ಹೇಳಿರ್ತೀನಿ," ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ಇದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮೂರಿನಲ್ಲಿ ಎಲ್ಲರ ದೋಣಿಗಳನ್ನೂ ಒಂದೇ ದಿನ ಟ್ರ್ಯಾಕ್ಟರಿಗೆ ಕಟ್ಟಿ ದಡಕ್ಕೆ ಎಳೆಯುತ್ತಾರೆ. ಬುಧವಾರ ಅದೂ ಆಯಿತು. ನಾನು ಹೋಗಲಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿ ತಯಾರಿಸುವುದರಲ್ಲಿ ಮುಳುಗಿದ್ದೆ. ಗುರುವಾರವೂ ಅದೇ, ಶುಕ್ರವಾರವೂ ಅದೇ. ಕೊನೆಗೆ ಇಪ್ಪತ್ತಮೂರು ಬಾಬತ್ತುಗಳ ಆ ಮಹಾಗ್ರಂಥವನ್ನು ಜೇಬಿನಲ್ಲಿಟ್ಟುಕೊಂಡು ಶನಿವಾರ ಬೆಳಿಗ್ಗೆ ದಡಕ್ಕೆ ಇಳಿದೆ. ಬಾಗಿದ ಬರ್ಚ್ ಮರದ ಕೆಳಗೆ, ನಮ್ಮ ಮಾಮೂಲಿ ಜಾಗದಲ್ಲಿ, ದೋಣಿ ನನಗಾಗಿ ಕಾಯುತ್ತಿತ್ತು. ಉಳಿದವುಗಳಲ್ಲಿ ಒಂದು ಆಗಲೇ ಟಾರ್ಪಾಲು ಹೊದ್ದು ಮಲಗಿತ್ತು. ಯಾರೋ ಅವಸರಗೇಡಿಗಳು ಅಂದುಕೊಂಡೆ.

ದಡದಲ್ಲಿರುವ ನಮ್ಮ ಸೌನಾದ, ಅಂದರೆ ಬೆವರುಸ್ನಾನದ ಮನೆಯ, ನೀರಿನ ಪೀಪಾಯಿಯನ್ನು ಉರುಳಿಸಿಕೊಂಡು ಬಂದು ತುಂಬಿಸಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಇಳಿಬಿಟ್ಟು, ಶುದ್ಧ ನೀರಿನಲ್ಲಿ ಓಡಿಸಿದೆ. ಪೀಪಾಯಿ ಕುದಿಯುವ ಹಂಡೆಯಂತೆ ಕೊತಕೊತ ಎಂದಿತು. ಆಮೇಲೆ ಹಳೆಯ ಎಣ್ಣೆ ಇಳಿಸಿ, ಹೊಸದು ತುಂಬಿ, ಕೀಲುಕೀಲಿಗೂ ಗ್ರೀಸು ಮೆತ್ತಿ, ಎಂಜಿನ್ನಿಗೆ ಹಬ್ಬದ ಅಭ್ಯಂಜನವನ್ನೇ ಮಾಡಿಸಿದೆ. ಕೊನೆಗೆ ಅದನ್ನು ನೆಟ್ಟಗೆ ನಿಲ್ಲಿಸಿ, ಕೊನೆಯ ಹನಿ ತೊಟ್ಟಿಕ್ಕುವವರೆಗೂ ಮೊಣಕಾಲೂರಿ ಎದುರಿಗೆ ಕೂತೆ (ಚರ್ಚಿನಲ್ಲೂ ನಾನು ಅಷ್ಟು ಹೊತ್ತು ಮೊಣಕಾಲೂರಿದವನಲ್ಲ).

ಹತ್ತು ಗಂಟೆಗೆ ಓಸ್ಮೊ ಬಂದ. ಕಾಫಿ ಫ್ಲಾಸ್ಕು ತಂದಿದ್ದ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

"ಕೆಲ್ಸನಾ?"

"ಹೂಂ, ಕೆಲ್ಸ."

ಅರ್ಧ ಗಂಟೆ ಕಳೆಯಿತು. ನಮ್ಮ ಕಡೆ ಇದನ್ನು ಹರಟೆ ಎನ್ನುತ್ತಾರೆ.

"ಪ್ಲಗ್ಗೂ ಹೊಸದು ಹಾಕ್ತೀಯೇನು?" ಎಂದ ಓಸ್ಮೊ.

ಅದು ಪಟ್ಟಿಯಲ್ಲಿರಲಿಲ್ಲ. ಆದರೆ ನೋಡುವವರ ಮುಂದೆ ಕೈ ಹಿಡಿತ ಮಾಡಬಾರದು. ಮನೆಗೆ ಹೋಗಿ ಹೊಸ ಪ್ಲಗ್ ತಂದು ಹಾಕಿದೆ.

"ನೋಡ್ಕೋ ಓಸ್ಮೊ. ದೋಣಿ ಅಂದ್ರೆ ಹೀಗೆ ನೋಡ್ಕೋಬೇಕು. ನಿನ್ನ ಹಾಗೆ ಹಿಮ ಬೀಳೋತನಕ ಬಿಟ್ಟಿರಬಾರ್ದು."

"ಹೌದಪ್ಪ," ಎಂದು ಓಸ್ಮೊ ಕಾಫಿ ಹೀರಿದ. "ತಳಾನೂ ಉಜ್ಜಿಬಿಟ್ರೆ ಇನ್ನೂ ಲಕ್ಷಣವಾಗಿರತ್ತೆ."

ತಳ ಉಜ್ಜಿದೆ. ಬೆನ್ನು ಮುರಿದು ಮೂರು ತುಂಡಾಗಿತ್ತು, ಆದರೂ ಹುಮ್ಮಸ್ಸು ಇಳಿದಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ದೋಣಿಯೊಳಗೆ ನಾನು ಕಂಡಿರದ ವಸ್ತುಗಳಿದ್ದವು. ಸೀಟಿನ ಮೇಲೆ ಹೊಸ ಕೆಂಪು ದಿಂಬು, ಮೂಲೆಯಲ್ಲಿ ಬೆಲೆಬಾಳುವ ಹಗ್ಗದ ಸುರುಳಿ, ಅದರ ಪಕ್ಕದಲ್ಲಿ ಉಪ್ಪುಮಿಠಾಯಿಯ ಡಬ್ಬಿ. ಹಿಲ್ಕ ಬಾಯಿಬಿಟ್ಟು ಪ್ರೀತಿ ಹೇಳುವವಳಲ್ಲ, ಗುಟ್ಟಾಗಿ ತಂದಿಟ್ಟಿದ್ದಾಳೆ. ನನ್ನ ಕಣ್ಣು ತೇವವಾಯಿತು. ಇಂಥವಳನ್ನು ಸರ್ವಾಧಿಕಾರಿ ಎಂದು ಎಷ್ಟು ಜನರ ಮುಂದೆ ಆಡಿಕೊಂಡಿದ್ದೇನೆ ಎಂದು ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅರ್ಧ ಡಬ್ಬಿ ಮಿಠಾಯಿ ಖಾಲಿ ಮಾಡಿದೆ. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡಾಗ ಓಸ್ಮೊನ ಬಟ್ಟಲು ತುಟಿಯ ಹತ್ತಿರ ಒಂದು ಕ್ಷಣ ನಿಂತಿತ್ತು. ಅವನಿಗೂ ಒಂದು ಕೊಟ್ಟೆ.

"ತಗೋ, ಸಂಕೋಚ ಬೇಡ."

"ಥ್ಯಾಂಕ್ಸ್," ಎಂದ ಓಸ್ಮೊ.

ಮೂರು ಗಂಟೆಗೆ ಟಾರ್ಪಾಲು ಹೊದಿಸಿ, ಹದಿನಾಲ್ಕು ಗಂಟು ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಕಂಬಳಿ ಹೊದ್ದು ಮಲಗಿದ ಮಗುವಿನ ಹಾಗಿತ್ತು. ತಾರ್ಮೊ ಇನ್ನು ಈ ದೋಣಿಯ ಆಸೆ ಬಿಡಬಹುದು.

ಓಸ್ಮೊ ಎದ್ದ. ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಟಾರ್ಪಾಲನ್ನು ಮೆಲ್ಲಗೆ ತಟ್ಟಿದ.

"ಭಾರಿ ಉಪಕಾರ ಆಯ್ತು ತೌನೊ. ಇದು ನಂದು."

ಸ್ವಂತ ದೋಣಿ ಗುರುತಿಸಲಾಗದ ಗಂಡಸು ಉಂಟೇ ಎಂದು ನೀವು ಕೇಳಬಹುದು. ಸ್ವಾಮಿ, ನಾನು ದೋಣಿ ಕೊಂಡ ವರ್ಷ ನಮ್ಮೂರಿನ ಅಂಗಡಿಗೆ ಬಂದದ್ದು ಒಂದೇ ಥರದ ಬಿಳಿ ದೋಣಿಗಳು, ಅರ್ಧ ಊರು ಅದನ್ನೇ ಕೊಂಡಿತ್ತು. ಹೊಸ ಎಂಜಿನ್ನನ್ನೂ ನಾನು ಓಸ್ಮೊನದನ್ನು ನೋಡಿಯೇ ತಂದಿದ್ದೆ. ಟ್ರ್ಯಾಕ್ಟರಿನವನು ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ನಿಲ್ಲಿಸಿದ್ದ. ಇಷ್ಟೆಲ್ಲ ಹೇಳಿದರೂ, ಮೂವತ್ತು ವರ್ಷ ಈ ಊರಿನ ಅಂಚೆ ಹಂಚಿ ಒಬ್ಬರ ಕಾಗದ ಇನ್ನೊಬ್ಬರ ಡಬ್ಬಿಗೆ ಹಾಕದ ನಾನು ತಲೆಯೆತ್ತಿ ನಿಲ್ಲುವ ಹಾಗಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

"ಬಂದ ತಕ್ಷಣ."

"ಐದು ಗಂಟೆ ಕೂತಿದ್ದೆಯಲ್ಲ, ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀನು ಏನೇ ಮಾಡ್ತಿದ್ರೂ ಅಡ್ಡ ಮಾತಾಡ್ಬಾರ್ದು ಅಂತ ಹಿಲ್ಕ ಹೇಳಿದ್ಲು," ಎಂದ ಓಸ್ಮೊ. "ಅದೂ ಅಲ್ದೆ, ಅಷ್ಟು ಚೆನ್ನಾಗಿ ಮಾಡ್ತಿದ್ದೆ. ತಡೆಯೋಕೆ ಮನಸ್ಸು ಬರ್ಲಿಲ್ಲ ಮಾರಾಯ."

ಆಗ ನನಗೆ ನಿಜವಾದ ಭಯ ಹತ್ತಿತು. ಅಂದು ರಾತ್ರಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿಳಿಯುತ್ತದೆ ಎಂದು ರೇಡಿಯೋದವರು ಬೆಳಗಿನಿಂದ ಹೇಳುತ್ತಿದ್ದರು. ನನ್ನ ಎಂಜಿನ್ನಿನ ಹೊಟ್ಟೆಯಲ್ಲಿ ಇನ್ನೂ ನೀರಿದೆ, ಬೆಳಕು ಇಳಿಯುತ್ತಿದೆ, ತಂದಿದ್ದ ಎಣ್ಣೆಯೆಲ್ಲ ಓಸ್ಮೊನ ಎಂಜಿನ್ ಕುಡಿದಿದೆ.

"ನನ್ ದೋಣಿ ಎಲ್ಲಿ?"

ಓಸ್ಮೊ ಆ ಅವಸರಗೇಡಿಯ ದೋಣಿಯತ್ತ ಗದ್ದ ಎತ್ತಿ ತೋರಿಸಿದ. ಓಡಿಹೋಗಿ ಟಾರ್ಪಾಲಿನ ಅಂಚೆತ್ತಿದೆ. ಎಂಜಿನ್ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತ್ತು. ಕೆಳಗೆ ಒಂದು ಹನಿ ನೀರಿಲ್ಲ, ಗ್ರೀಸು ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟೇ. ತಿರುಗಿ ನೋಡಿದರೆ ಸೌನಾದ ಮೆಟ್ಟಿಲ ಮೇಲೆ ಹಿಲ್ಕ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು.

"ಇದನ್ನ ಯಾವಾಗ ಮಾಡ್ದೆ?"

"ಗುರುವಾರ. ನೀನು ಪಟ್ಟಿ ಬರೀತಿದ್ಯಲ್ಲ, ಆಗ. ಒಂದೂವರೆ ಗಂಟೆ ಆಯ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಒಂದು ಮಾತೂ ಆಡ್ಬಾರ್ದು ಅಂದಿದ್ಯಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಎಷ್ಟು ಹುಡುಕಿದರೂ ಬರಲಿಲ್ಲ. ದೋಣಿ ಉಳಿಯಿತಲ್ಲ ಎಂಬ ಖುಷಿಗೆ ಅಲ್ಲೇ ಕೂತು ನಗಲು ಶುರುಮಾಡಿದೆ. ಓಸ್ಮೊನೂ ನಕ್ಕ. ಹಿಲ್ಕಳ ಕಾಲುಚೀಲ ಕೂಡ ಎರಡು ಸಲ ಕುಲುಕಿತು. ಸಂಜೆ ಸೌನಾದಲ್ಲಿ ಮೂವರೂ ಬೆವರುತ್ತಾ ಕೂತು, ಕಾದ ಕಲ್ಲುಗಳ ಮೇಲೆ ಪೀಪಾಯಿಯ ನೀರು ಎರಚಿದಾಗ ಎಂಜಿನ್ ಎಣ್ಣೆಯ ಸುಗಂಧ ತುಂಬಿಕೊಂಡಿತು, ಏಕೆಂದರೆ ಪೀಪಾಯಿಯನ್ನು ತೊಳೆದು ಇಡಬೇಕೆಂಬ ಬಾಬತ್ತು ನನ್ನ ಪಟ್ಟಿಯಲ್ಲಿರಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದಾಗ ಮೈಯ ಒಂದೊಂದು ಎಲುಬೂ ಬೇರೆ ಬೇರೆಯಾಗಿ ನೋಯುತ್ತಿತ್ತು. ಅಡುಗೆಮನೆಯಲ್ಲಿ ಹಿಲ್ಕ ದೊಡ್ಡ ಕಾಫಿ ಪಾತ್ರೆ ಒಲೆಯ ಮೇಲಿಟ್ಟಿದ್ದಳು, ತಟ್ಟೆ ತುಂಬ ದಾಲ್ಚಿನ್ನಿ ಬನ್ನು ಇತ್ತು. ನನ್ನ ಶ್ರಮಕ್ಕೆ ಸನ್ಮಾನ ಎಂದುಕೊಂಡು ಕೈ ಹಾಕಿದೆ. ಅಂಗಳದಲ್ಲಿ ಯಾರೋ ಕೆಮ್ಮಿದರು.

ಹೊರಗೆ ನಾಲ್ಕು ಜನ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಕೆಟ್. ಬೇಕರಿಯ ಯಾಲ್ಮರಿ ತನ್ನ ಬೂಟು ನೋಡುತ್ತಾ ಹೇಳಿದ.

"ನಮ್ದೂ ಬಿಳಿ ದೋಣಿನೇ, ತೌನೊ."

"ನಮ್ದೂ," ಎಂದಳು ಅವನ ಪಕ್ಕದ ವಿಧವೆ ಲೆಂಪಿ. ಮೂರನೆಯವನು ಬರೀ ತಲೆಯಾಡಿಸಿದ. ನಾಲ್ಕನೆಯವನು ನನ್ನ ಭಾವಮೈದುನ ತಾರ್ಮೊ. ಅವನ ಮುಖ ಕೆಂಪಾಗಿತ್ತು.

"ನಂದು ಕಂದು ಬಣ್ಣದ್ದು ಭಾವ. ಎಂಜಿನ್ ಬೇರೆ ಇಲ್ಲ. ಆದ್ರೂ ತಳ ಉಜ್ಜಬಹುದಲ್ವಾ?"

ನಾನು ಸಹಾಯಕ್ಕಾಗಿ ಒಳಗೆ ನೋಡಿದೆ. ಹಿಲ್ಕ ಮೇಜಿನ ಮೇಲೆ ನಾಲ್ಕೇ ಬಟ್ಟಲುಗಳನ್ನು ಜೋಡಿಸುತ್ತಿದ್ದಳು.

"ಇನ್ಮೇಲೆ ದೋಣಿ ತಾರ್ಮೊಗೆ ಕೊಡೋ ಮಾತಿಲ್ಲ," ಎಂದಳು. "ಇಷ್ಟು ಚೆನ್ನಾಗಿ ನೋಡ್ಕೊಳ್ಳೋನ ಹತ್ರ ಕಿತ್ಕೊಂಡ್ರೆ ಊರೋರು ಏನಂತಾರೆ?"

ಗೆದ್ದೆ ಎಂದು ಹಿಗ್ಗಿದೆ. ಅಷ್ಟರಲ್ಲಿ ಅವಳು ನನ್ನ ಕೈಯಲ್ಲಿದ್ದ ಬನ್ನು ತೆಗೆದು ತಟ್ಟೆಗೆ ಹಾಕಿ, ಗೂಟದಿಂದ ನನ್ನ ಗ್ರೀಸು ಮೆತ್ತಿದ ಕೋಟು ಇಳಿಸಿ ಕೊಟ್ಟಳು.

"ಹೊರಡು, ಬೇಗ ಕತ್ತಲಾಗತ್ತೆ. ಇವ್ರು ಕಾಫಿ ಕುಡ್ದು ಬಂದು ಕೂತ್ಕೋತಾರೆ."