ಮೂರು ಕಿಲೋ ಗುಟ್ಟು

ಟಿಲ್ಮಾನ್ ಬೆಣ್ಣೆ ಸವರಿದ ಬನ್ನನ್ನು ಬಾಯಿಗಿಡುವುದಕ್ಕೂ ಕೋಚ್ ಓಸ್ವಿನ್ ಅವನ ಹೆಗಲು ತಟ್ಟುವುದಕ್ಕೂ ಸರಿಹೋಯಿತು.

"ಒಂದು ಮಾತು ಟಿಲ್ಮಾನ್, ಸ್ವಲ್ಪ ಈಚೆ ಬಾ."

ಓಸ್ವಿನ್ ಬಹಳ ಮರ್ಯಾದಸ್ಥ. ನಾಲ್ಕು ಜನರೆದುರು ಯಾರನ್ನೂ ಬೈದವನಲ್ಲ. ಬೈಯುವುದಿರಲಿ, ಹೊಗಳುವುದಿದ್ದರೂ ಮೂಲೆಗೆ ಕರೆದುಕೊಂಡು ಹೋಗಿ ಕಿವಿಯಲ್ಲೇ ಹೊಗಳುತ್ತಿದ್ದ. ಈಗಲೂ ಟಿಲ್ಮಾನನನ್ನು ಮೆಟ್ಟಿಲ ಕೆಳಗೆ, ಒದ್ದೆ ಬೂಟುಗಳನ್ನು ಒಣಗಿಸುವ ಗೂಡಿಗೆ ಎಳೆದೊಯ್ದ.

"ಬಂಡಿ, ವೀಲಾಂಡ್, ನೀನು, ಮೂರೂ ಸೇರಿ ಮಿತಿಗಿಂತ ಮೂರು ಕಿಲೋ ಜಾಸ್ತಿ ಆಗ್ತಿದೆ. ಬಂಡಿಯಿಂದ ತೆಗೆಯೋ ಕಬ್ಬಿಣ ಎಲ್ಲಾ ತೆಗೆದಾಯ್ತು. ಇನ್ನು ತೆಗೆದ್ರೆ ಸೀಟೇ ತೆಗೀಬೇಕು. ಆ ಮೂರು ಕಿಲೋ ನಿನ್ನದು ಕಣಪ್ಪ. ಮಧ್ಯಾಹ್ನದೊಳಗೆ ಇಳಿಸು. ವೀಲಾಂಡ್‌ಗೆ ಮಾತ್ರ ಹೇಳ್ಬೇಡ. ಓಡಿಸೋನು, ಸುಮ್ನೆ ಗಾಬರಿ ಬೀಳ್ತಾನೆ."

"ಅರ್ಧ ದಿನದಲ್ಲಿ ಮೂರು ಕಿಲೋ? ತಲೆ ತೆಗೆದಿಡ್ಲಾ ಕೋಚ್?"

"ನಿನ್ನ ಕೆಲಸಕ್ಕೆ ಅದು ಬೇಕಾಗಿಲ್ಲ ನಿಜ. ಆದ್ರೂ ಹೆಲ್ಮೆಟ್ ಕೂರೋಕೆ ಇರ್ಲಿ."

ಕೋಚ್ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬಾಬ್ ಬಂಡಿಯಲ್ಲಿ ಟಿಲ್ಮಾನ್ ಬ್ರೇಕಿನವನು. ಬೆಟ್ಟದ ತುದಿಯಲ್ಲಿ ಬಂಡಿಯನ್ನು ಗೂಳಿಯ ಹಾಗೆ ನೂಕಬೇಕು, ಓಡುತ್ತಲೇ ಒಳಗೆ ಹಾರಬೇಕು, ಮುಂದೆ ಕೂತು ಓಡಿಸುವ ವೀಲಾಂಡನ ಬೆನ್ನ ಹಿಂದೆ ತಲೆಯನ್ನು ಮೊಣಕಾಲ ಸಂದಿಗೆ ತುರುಕಿಕೊಂಡು ಮುದುರಬೇಕು. ಮಂಜುಗಡ್ಡೆಯ ಕಾಲುವೆಯಲ್ಲಿ ಜಾರಿ ಬಂಡಿ ತಳ ಮುಟ್ಟಿದ ಮೇಲೆ ಬ್ರೇಕ್ ಎಳೆಯಬೇಕು. ಯೂರೋಪಿನ ಅರ್ಧ ಬೆಟ್ಟಗಳಿಂದ ಹೀಗೆ ಇಳಿದಿದ್ದ ಟಿಲ್ಮಾನ್ ಅಷ್ಟೂ ಬೆಟ್ಟಗಳಲ್ಲಿ ಕಂಡದ್ದು ತನ್ನ ಮೊಣಕಾಲುಗಳನ್ನು ಮಾತ್ರ. ಅದೂ ಯಾವಾಗಲೂ ಯಾರದೋ ಬದಲಿಗೆ, ಎರಡನೇ ದರ್ಜೆಯ ಪಂದ್ಯಗಳಲ್ಲಿ. ಇವತ್ತಿನ ಆಯ್ಕೆಯ ಓಟ ಗೆದ್ದರೆ ವಿಶ್ವಕಪ್. ಸೋತರೆ ಭಾವನ ಟೈರ್ ಅಂಗಡಿ. ಭಾವ ಆಗಲೇ ಅವನ ಅಳತೆಗೆ ನೀಲಿ ಕೋಟು ಹೊಲಿಸಿಟ್ಟಿದ್ದ.

ಟಿಲ್ಮಾನ್ ಬನ್ನನ್ನು ತಟ್ಟೆಗೆ ಹಿಂತಿರುಗಿಸಿದ. ಮೂರು ಸ್ವೆಟರ್, ಅದರ ಮೇಲೆ ರಬ್ಬರ್ ಕೋಟು, ಮೀನು ಹಿಡಿಯುವವರ ರಬ್ಬರ್ ಚಡ್ಡಿ ಏರಿಸಿಕೊಂಡು ಬೆವರಿಳಿಸಲು ಓಡತೊಡಗಿದ.

ಆದರೆ ಅದು ಕ್ರಿಸ್ಮಸ್‌ಗೆ ಮುಂಚಿನ ವಾರ. ಬೆಟ್ಟದ ಬುಡದ ಹಿರ್ಷ್‌ಗ್ರುಂಡ್ ಊರಿನ ಆ ಓಣಿಯಲ್ಲಿ ಪ್ರತಿ ಮನೆಯವರೂ ತಮ್ಮದೇ ಸ್ಟೊಲನ್ ಮಾಡಿ ಇಟ್ಟಿರುತ್ತಾರೆ. ಒಣದ್ರಾಕ್ಷಿ ತುಂಬಿ, ಬೆಣ್ಣೆಯಲ್ಲಿ ಮೀಯಿಸಿ, ಸಕ್ಕರೆ ಪುಡಿ ಹೊದಿಸಿದ, ತೊಟ್ಟಿಲ ಕೂಸಿನಷ್ಟು ತೂಕದ ಕೇಕು. ಬಾಗಿಲ ಮುಂದೆ ಹಾದವರು ಒಂದು ಹೋಳು ತಿಂದು "ಇಂಥದ್ದು ಎಲ್ಲೂ ತಿಂದಿಲ್ಲ" ಎನ್ನಲೇಬೇಕು. ಎನ್ನದಿದ್ದರೆ ಮುಂದಿನ ಕ್ರಿಸ್ಮಸ್‌ವರೆಗೂ ಮಾತಿಲ್ಲ.

ಮೊದಲ ಕಿಟಕಿಯಿಂದಲೇ ತಲೆ ಹೊರಗೆ ಬಂತು. ಅವನು ಉಳಿದುಕೊಂಡಿದ್ದ ಮನೆಯ ಒಡತಿ ಟ್ರೌಡೆಲ್ ಅಜ್ಜಿ.

"ಏಯ್ ಹುಡುಗಾ! ಮಳೆ ಇಲ್ಲ ಗಾಳಿ ಇಲ್ಲ, ಇದೇನೋ ವೇಷ? ನಿಂತ್ಕೋ, ಸ್ಟೊಲನ್ ಕೊಯ್ದಿದ್ದೀನಿ."

"ಆಮೇಲೆ ಅಜ್ಜಿ!"

"ಆಮೇಲಾ? ನಿನ್ನೆ ಎರಡು ಹೋಳು ತಿಂದೋನು ಇವತ್ತು ಆಮೇಲೆ ಅಂತೀಯಾ?"

ಎದುರುಮನೆಯ ಗೆರ್ಲಿಂಡೆ ಅಜ್ಜಿಗೆ ಅಷ್ಟು ಸಾಕಾಯಿತು. "ನಿನ್ನೆ ತಿಂದಿದ್ದಕ್ಕೇ ಇವತ್ತು ಓಡ್ತಿದ್ದಾನೆ ಬಿಡೇ ಟ್ರೌಡೆಲ್! ಪಾಯಖಾನೆ ಹುಡುಕ್ತಿರ್ಬೇಕು ಪಾಪ!"

ಟಿಲ್ಮಾನ್ ಬೆಟ್ಟದ ಅರ್ಧ ಹತ್ತುವಷ್ಟರಲ್ಲಿ, ಟ್ರೌಡೆಲಳ ಸ್ಟೊಲನ್ ತಿಂದು ಬಾಬ್ ಹುಡುಗನ ಹೊಟ್ಟೆ ಕೆಟ್ಟಿದೆ ಎಂಬ ಸುದ್ದಿ ಓಣಿಯ ಕೊನೆ ಮುಟ್ಟಿತ್ತು. ಅವನು ಇಳಿದು ಬರುವಷ್ಟರಲ್ಲಿ ಸುದ್ದಿಯಲ್ಲಿ ಇನ್ನೂ ಇಬ್ಬರ ಹೊಟ್ಟೆ ಕೆಟ್ಟಿತ್ತು.

ಅವನು ತಪ್ಪಿಸಿಕೊಂಡು ಸಾರ್ವಜನಿಕ ಸ್ನಾನದ ಮನೆಯ ಬಿಸಿ ಕೋಣೆಗೆ ನುಗ್ಗಿದ. ಸೌನಾದ ಮೇಲಿನ ಹಲಗೆಯಲ್ಲಿ ಕೂತು ಒಲೆಯ ಮೇಲಿನ ಮೇಣದ ಹಾಗೆ ಕರಗುತ್ತಿದ್ದಾಗ ಬಾಗಿಲು ತೆರೆಯಿತು. ಮಾಂಸದಂಗಡಿಯ ಹಾರ್ಟ್ವಿಗ್, ಸೊಂಟಕ್ಕೊಂದು ಟವೆಲ್, ಕೈಯಲ್ಲೊಂದು ದಪ್ಪ ಸಾಸೇಜ್.

"ಹೊಟ್ಟೆ ಕೆಟ್ಟಿದೆಯಂತಲ್ಲೋ ತಮ್ಮಾ? ಇದನ್ನು ತಿನ್ನು. ಲಿವರ್‌ದು. ನಮ್ಮಪ್ಪ ಇದನ್ನೇ ತಿಂದು ತೊಂಬತ್ತು ದಾಟಿದ್ದು."

"ಹಾರ್ಟ್ವಿಗ್ ಅಣ್ಣಾ, ನನ್ನ ಹೊಟ್ಟೆ ಸರಿಯಾಗಿದೆ!"

"ಸರಿಯಾಗಿದ್ರೆ ತಿನ್ನೋಕೇನು ಕಷ್ಟ?"

ಗುಟ್ಟು ಹೇಳುವ ಹಾಗಿಲ್ಲ. ಹಾರ್ಟ್ವಿಗ್‌ಗೆ ಹೇಳಿದರೆ ವೀಲಾಂಡ್‌ಗೆ ಹೇಳಿದ ಹಾಗೇ. ಟಿಲ್ಮಾನ್ ಸಾಸೇಜನ್ನು ಹಣೆಗೆ ಒತ್ತಿಕೊಂಡು "ವಾಸನೆಗೇ ಗುಣವಾಯ್ತು" ಎಂದು ಹೊರಗೆ ಓಡಿದ.

ಹೊರಗೆ ಟ್ರೌಡೆಲ್ ಅಜ್ಜಿ ತಟ್ಟೆ ಹಿಡಿದು ಕಾದಿದ್ದಳು. ಹಿಂದೆ ಅರ್ಧ ಓಣಿ.

"ಎಲ್ಲರೆದುರಿಗೆ ಒಂದು ಹೋಳು ತಿಂದು ತೋರ್ಸು. ನನ್ನ ಮಾನದ ಪ್ರಶ್ನೆ."

ಟಿಲ್ಮಾನನ ಹೊಟ್ಟೆ ನಾಯಿಯ ಹಾಗೆ ಗುರ್ರೆಂದಿತು. ಕಣ್ಣು ಮುಚ್ಚಿ "ಬೇಡ ಅಜ್ಜಿ" ಎಂದ. ಗೆರ್ಲಿಂಡೆ ಅಜ್ಜಿ ಕಿಸಕ್ಕೆಂದಳು. ಟ್ರೌಡೆಲ್ ಅಜ್ಜಿ ತಟ್ಟೆಯನ್ನು ಸೆರಗಿಲ್ಲದ ಎದೆಗೆ ಅವುಚಿಕೊಂಡು, "ಇನ್ನು ನನ್ನ ಮನೆಯಲ್ಲಿ ನಿನಗೆ ಬಿಸಿನೀರೂ ಇಲ್ಲ" ಎಂದು ಹೊರಟುಹೋದಳು.

ಮಧ್ಯಾಹ್ನ ಬೆಟ್ಟದ ತುದಿಯ ಗುಡಿಸಲಿನಲ್ಲಿ ಓಸ್ವಿನ್ ಇಬ್ಬರನ್ನೂ ಒಟ್ಟಿಗೆ ತಕ್ಕಡಿಯ ಮೇಲೆ ನಿಲ್ಲಿಸಿದ. ಮುಳ್ಳು ನೋಡಿ ಅವನ ಮುಖ ಹುಳಿ ಸೇಬಿನಂತಾಯಿತು. ವೀಲಾಂಡನನ್ನು ಹೊರಗೆ ಕಳಿಸಿದ; ಒಂದು ಗಳಿಗೆ ತಾನೂ ಹೊರಗೆ ಹೋಗಿಬಂದು ಟಿಲ್ಮಾನನ ಕಿವಿಗೆ ಬಾಗಿದ.

"ಮೂರು ಇಳಿಸು ಅಂದ್ರೆ ಆರು ಇಳಿಸ್ಕೊಂಡು ಬಂದಿದ್ದೀಯಲ್ಲೋ! ಈಗ ಮೂರು ಕಿಲೋ ಕಡಿಮೆ. ಹಗುರ ಬಂಡಿ ಜಾರಲ್ಲ, ತೆವಳತ್ತೆ. ಬಂಡೀನ ತೀರ್ಪುಗಾರರಿಗೆ ಒಪ್ಪಿಸಿಯಾಯ್ತು, ಅದಕ್ಕಿನ್ನು ಒಂದು ಮೊಳೆ ಸೇರಿಸೋ ಹಾಗಿಲ್ಲ. ಓಡು, ತಿನ್ನು, ಕುಡಿ, ಮೂರು ಕಿಲೋ ತುಂಬ್ಕೊಂಡು ಬಾ. ವೀಲಾಂಡ್‌ಗೆ..."

"ಹೇಳಲ್ಲ ಕೋಚ್."

ಟಿಲ್ಮಾನ್ ಕರಡಿ ಅಟ್ಟಿಸಿಕೊಂಡು ಬಂದವನ ಹಾಗೆ ಓಣಿಗೆ ಇಳಿದ. ಟ್ರೌಡೆಲ್ ಅಜ್ಜಿಯ ಬಾಗಿಲು ಮುಚ್ಚಿತ್ತು.

"ಅಜ್ಜೀ, ಸ್ಟೊಲನ್ ಕೊಡಿ! ಕಾಲಿಗೆ ಬೀಳ್ತೀನಿ!"

"ಯಾಕೆ, ಪಾಯಖಾನೆ ಸಿಗ್ತಾ?"

"ಊರಲ್ಲೆಲ್ಲ ನಿಮ್ಮದೇ ಚೆನ್ನಾಗಿರೋದು!"

"ಓಣಿಗೆಲ್ಲ ಕೇಳೋ ಹಾಗೆ ಹೇಳು."

ಅವನು ಓಣಿಗೆಲ್ಲ ಕೇಳುವ ಹಾಗೆ ಕೂಗಿದ. ಬಾಗಿಲು ತೆರೆಯಿತು, ಜೊತೆಗೆ ಎದುರುಮನೆಯದೂ. "ನನ್ನದು ತಿನ್ನದೆ ಅದು ಹೇಗೆ ಹೇಳ್ತಾನೆ?" ಎನ್ನುತ್ತ ಗೆರ್ಲಿಂಡೆ ಅಜ್ಜಿ ಇಡೀ ಸ್ಟೊಲನ್ ಹೊತ್ತು ತಂದಳು. ಟಿಲ್ಮಾನ್ ಅದರಲ್ಲಿಷ್ಟು ಇದರಲ್ಲಿಷ್ಟು ಬಾಯಿಗೆ ತುರುಕಿ ಎರಡನ್ನೂ ಮುಗಿಸಿ, ನಲ್ಲಿಗೆ ಬಾಯಿ ಹಚ್ಚಿದ. ಯಾರದು ಮೇಲು ಎಂದು ಇಬ್ಬರೂ ಕೇಳುತ್ತಲೇ ಇದ್ದರು. ತುಂಬಿದ ಬಾಯಿಂದ ಅವನು "ಹೂಂ" ಎಂದದ್ದನ್ನು ಇಬ್ಬರೂ ತಮಗೇ ಎಂದುಕೊಂಡರು.

ಓಟ ಶುರುವಾಯಿತು. ಟಿಲ್ಮಾನ್ ನೂಕಿದ, ಹೊಟ್ಟೆಯೊಳಗೆ ಕೆರೆ ಕುಲುಕಿತು. ಒಳಗೆ ಹಾರಿದ, ತಲೆ ಬಗ್ಗಿಸಲು ನೋಡಿದ. ಬಗ್ಗಲಿಲ್ಲ! ನಡುವೆ ಎರಡು ಸ್ಟೊಲನ್ ಅಡ್ಡ ನಿಂತಿದ್ದವು. ಹೀಗೆ ತನ್ನ ಆಟದ ಬಾಳಿನಲ್ಲಿ ಮೊದಲ ಸಲ ಟಿಲ್ಮಾನ್ ತಾನು ಹೋಗುವ ದಾರಿಯನ್ನು ಕಣ್ಣಾರೆ ನೋಡಿದ. ಎದುರಿಗೆ ಮಂಜುಗಡ್ಡೆಯ ಗೋಡೆ ಎದ್ದು ಬರುತ್ತಿತ್ತು, ಅದರ ಮೇಲೆ ಬಂಡಿ ಹಲ್ಲಿಯಂತೆ ಹತ್ತುತ್ತಿತ್ತು.

"ಅಯ್ಯಯ್ಯೋ! ಇಂಥಾ ಕಡೆ ಕರ್ಕೊಂಡು ಹೋಗ್ತಿದ್ಯೇನೋ ಇಷ್ಟು ದಿನ!"

ಆ ಅರಚಾಟವನ್ನು ಹುರಿದುಂಬಿಸುವ ಕೂಗು ಎಂದುಕೊಂಡ ವೀಲಾಂಡ್ ಹಿಂದೆಂದೂ ಓಡಿಸದ ಹಾಗೆ ಓಡಿಸಿದ. ತಳದಲ್ಲಿ ಗಂಟೆ ಮೊಳಗಿತು. ಎಲ್ಲರಿಗಿಂತ ವೇಗ! ಓಣಿಯವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಟ್ರೌಡೆಲ್ ಗೆರ್ಲಿಂಡೆಯನ್ನೇ ತಬ್ಬಿದಳು.

ಆಮೇಲೆ ತೀರ್ಪುಗಾರರು ಬಂಡಿಯನ್ನೂ ಇಬ್ಬರನ್ನೂ ತಕ್ಕಡಿಗೆ ಏರಿಸಿದರು. ಮಿತಿಗಿಂತ ಮೂರು ಕಿಲೋ ಜಾಸ್ತಿ. ಅವರ ಓಟ ರದ್ದು.

ಓಸ್ವಿನ್ ಟಿಲ್ಮಾನನನ್ನು ಮರದ ಮರೆಗೆ ಕರೆದ. "ತಪ್ಪು ಒಬ್ಬನದೇ, ಯಾರದು ಅಂತ ಹೇಳಿ ನೋಯಿಸಲ್ಲ. ನೀನು ಚೀಲ ಕಟ್ಟು. ವೀಲಾಂಡ್‌ಗೆ ಹೇಳ್ಬೇಡ, ಸದ್ದಿಲ್ಲದೆ ಹೋಗು."

ಟಿಲ್ಮಾನ್ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಬಂದ. ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ವೀಲಾಂಡ್ ಕೂತಿದ್ದ. ಟಿಲ್ಮಾನ್ ಅವನ ಪಕ್ಕದಲ್ಲಿ ತನ್ನ ಚೀಲ ಇಳಿಸಿದ.

"ನಿನ್ನ ಚೀಲ ಯಾಕೆ?" ಎಂದ ಟಿಲ್ಮಾನ್.

"ಕೋಚ್ ಹೇಳ್ಬೇಡ ಅಂದಿದ್ದಾನೆ." ವೀಲಾಂಡ್ ತೇಗಿದ. "ಬೆಳಿಗ್ಗೆಯಿಂದ ಒಲೆ ಪಕ್ಕ ನಾಲ್ಕು ರಜಾಯಿ ಹೊದ್ದು ಮಲಗಿದ್ದೆ ಕಣೋ. ಮೂರು ಕಿಲೋ ಇಳಿಸಿದೆ. ಆಮೇಲೆ ಆಲೂಗಡ್ಡೆ ಕಡುಬು ಒಂದು ಪಾತ್ರೆ ತಿಂದು ಮೂರು ಕಿಲೋ ಏರಿಸಿದೆ. ನಿನಗೆ ಗೊತ್ತಾಗಬಾರದು ಅಂತ ಎಷ್ಟು ಒದ್ದಾಡಿದೆ!"

"ನನಗೂ ಅದನ್ನೇ ಹೇಳಿದ್ದ!" ಎಂದ ಟಿಲ್ಮಾನ್. ಅಷ್ಟರಲ್ಲಿ ಇಳಿಜಾರಿನಲ್ಲಿ ಇನ್ನೊಂದು ಚೀಲ ಬಂತು. ಅದರ ಕೆಳಗೆ ಓಸ್ವಿನ್.

"ಒಬ್ಬನಿಗೆ ಹೇಳಿದ್ರೆ ಮಾಡ್ತಾನೋ ಇಲ್ವೋ, ಇಬ್ಬರಿಗೂ ಹೇಳಿದ್ರೆ ಒಬ್ಬನಾದ್ರೂ ಮಾಡ್ತಾನೆ ಅಂದ್ಕೊಂಡೆ," ಎಂದ ತಲೆ ತಗ್ಗಿಸಿ. "ನೀವಿಬ್ರೂ ಇಷ್ಟು ಒಳ್ಳೇ ಹುಡುಗರು ಅಂತ ನನಗೇನು ಗೊತ್ತು?"

"ನಿಮ್ಮ ಚೀಲ ಯಾಕೆ ಕೋಚ್?"

"ಸಂಘದ ಅಧ್ಯಕ್ಷರು ಒಂದು ಮಾತು ಅಂತ ಮೂಲೆಗೆ ಕರೆದ್ರು."

ಬಸ್ಸು ಬಂತು. ವೀಲಾಂಡ್ ಚೀಲಗಳನ್ನು ಒಳಗೆ ತಳ್ಳುತ್ತಿದ್ದಾಗ ಓಸ್ವಿನ್ ಮೆಲ್ಲಗೆ ಟಿಲ್ಮಾನನ ಕಿವಿಗೆ ಬಾಗಿದ.

"ಪಕ್ಕದ ದೇಶದವರು ನನ್ನನ್ನು ಕರೀತಿದ್ದಾರೆ. ಬ್ರೇಕಿಗೆ ಒಬ್ಬ ಬೇಕಂತೆ. ವೀಲಾಂಡ್‌ಗೆ ಹೇಳ್ಬೇಡ."

ಬೈಯಬೇಕೆಂದು ಟಿಲ್ಮಾನ್ ಉಸಿರೆಳೆದುಕೊಂಡ. ಭಾವನ ನೀಲಿ ಕೋಟು ಕಣ್ಣ ಮುಂದೆ ಬಂತು.

"ಎಷ್ಟು ಇಳಿಸ್ಬೇಕು ಕೋಚ್?" ಎಂದು ಪಿಸುಗುಟ್ಟಿದ.