ಹುಕ್ಕಿನ ಮೇಲಿನ ವಿಭೂತಿ

ಟ್ರ್ಯಾಕ್ಟರ್ ಕೊಂಡಾಗಿನಿಂದ ನನ್ನ ದಡ್ಡತನಕ್ಕೂ ಗಾಲಿ ಬಂದಿದೆ. ಮೊದಲು ಅದು ಮನೆಯವರಿಗಷ್ಟೇ ಗೊತ್ತಿತ್ತು, ಈಗ ಇಟ್ಟಿಗಿಯಿಂದ ಕೊಟ್ಟೂರಿನ ತನಕ ಗೊತ್ತು.

೧. ಕುತ್ತಿಗೆ

ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಹಂಪ್ ಬಂತೆಂದು ನಿಧಾನ ಮಾಡಿದೆ. ಹಿಂದಿನಿಂದ ಗೂಡ್ಸ್ ಗಾಡಿಯೊಂದು ಬಂದು ನನ್ನ ಟ್ರೇಲರಿಗೆ ಗುದ್ದಿತು. ಅದರ ಮೂತಿ ನುಜ್ಜುಗುಜ್ಜಾಯಿತು. ಟ್ರೇಲರಿನದು ಒಂಚೂರು ಬಣ್ಣ ಹೋಗಿತ್ತು, ಅಷ್ಟೇ. ಡ್ರೈವರ್ ಗಾಬರಿಯಿಂದ ಓಡಿ ಬಂದ.

"ಏನಾರ ಆತೇನ್ರಿ ಅಣ್ಣಾರ?"

"ನಮ್ಮ ಟ್ರೇಲರಿಗೆ ಏನಾಗ್ತೈತಿ? ನಿನ್ನ ಗಾಡಿ ನೋಡ್ಕೊ ತಮ್ಮಾ" ಎಂದು ಮೀಸೆ ತಿರುವಿದೆ.

ಮನೆಗೆ ಬರುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತ್ತು. ಹೆಂಡತಿ ಎಣ್ಣೆ ತಿಕ್ಕುತ್ತಾ ಕೇಳಿದಳು: "ಗುದ್ದಿದ್ದು ಟ್ರೇಲರಿನ ಹಿಂದ, ಉಳುಕಿದ್ದು ಮುಂದ ಕುಂತ ನಿಮ್ಮ ಕುತ್ತಿಗಿ. ನಡುವಿನ ಹುಕ್ಕಿಗೆ ಏನೂ ಆಗಿಲ್ಲೇನು?"

ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಹುಕ್ಕಿನ ವಿಷಯ ಇವಳಿಗೇನು ಗೊತ್ತು ಎಂದುಕೊಂಡು, ಇಲ್ಲವೆಂದು ತಲೆಯಾಡಿಸಲು ಹೋದೆ. ಅದೂ ಆಗಲಿಲ್ಲ.

೨. ಪರೀಕ್ಷೆ

ಕೊಟ್ಟೂರಿನ ವೆಲ್ಡಿಂಗ್ ಅಂಗಡಿಯವನೂ ಅದನ್ನೇ ಹೇಳಿದ. "ಗ್ರೀಸ್ ತೊಳದು ಹುಕ್ಕು ನೋಡ್ರಿ. ಸಣ್ಣ ಬಿರುಕು ಬಿಟ್ಟಿದ್ರ ಹಂಗ ಕಾಣಂಗಿಲ್ಲ."

ನನಗೆ ರೇಗಿತು. ಎಲ್ಲರೂ ನನಗೇ ಕಲಿಸುವವರು! ಅವನ ಕಣ್ಣೆದುರೇ ಹುಕ್ಕಿನ ಮೇಲೆ ಹತ್ತಿ ಮೂರು ಸಲ ಜಿಗಿದೆ. "ನೋಡು, ಏನರ ಆತೇನು?"

"ಹುಕ್ಕು ಗಟ್ಟಿ ಐತೋ ಇಲ್ಲೋ ಗೊತ್ತಾಗಲಿಲ್ರಿ. ನೀವು ಭಾಳ ಹಗೂರ ಅದೀರಿ ಅಂತ ಗೊತ್ತಾತು" ಎಂದ.

೩. ಪವಾಡ

ಅಮಾವಾಸ್ಯೆಗೆ ಟ್ರ್ಯಾಕ್ಟರ್ ಪೂಜೆ ನಮ್ಮ ಮನೆಯ ರೂಢಿ. ಗ್ರೀಸ್ ಒರೆಸಿ, ಬಾನೆಟ್ಟಿನಿಂದ ಹುಕ್ಕಿನ ತನಕ ಕೈಗೆ ಸಿಕ್ಕಿದ್ದಕ್ಕೆಲ್ಲ ವಿಭೂತಿ ಹಚ್ಚಿದೆ. ಮರುದಿನ ಉಳ್ಳಾಗಡ್ಡಿ ಕೀಳಲು ಹನ್ನೆರಡು ಹೆಂಗಸರನ್ನು ಟ್ರೇಲರಿನಲ್ಲಿ ಹೊಲಕ್ಕೆ ಕರೆದೊಯ್ಯಬೇಕಿತ್ತು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಬೆಳಿಗ್ಗೆ ಗಾಡಿ ತೊಳೆದೆ. ಎಲ್ಲ ಕಡೆಯ ವಿಭೂತಿಯೂ ಹೋಯಿತು. ಹುಕ್ಕಿನ ಮೇಲೆ ಒಂದು ಬಿಳಿ ಗೆರೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನನಗೆ ರೋಮಾಂಚನವಾಯಿತು. "ಬರ್ರಿ, ನೋಡ್ರಿ! ಸಾಕ್ಷಾತ್ ಶಿವನ ಗುರುತು!" ಎಂದು ಕೂಗಿದೆ. ಹೆಂಗಸರು ಚಪ್ಪಲಿ ಬಿಟ್ಟು ಕೈಮುಗಿದರು. ನಾನು ಕರ್ಪೂರ ಹಚ್ಚಿ ತೆಂಗಿನಕಾಯಿ ತಂದೆ.

ಹೆಂಡತಿ ಬಗ್ಗಿ ನೋಡಿದಳು. "ಶಿವ ಇಷ್ಟು ಸೊಟ್ಟ ಗೆರಿ ಯಾಕ ಎಳೀತಾನ?" ಎನ್ನುತ್ತಾ ಸೀರೆಯ ಪಿನ್ನು ತೆಗೆದು ಗೆರೆಗೆ ಚುಚ್ಚಿದಳು. ಪಿನ್ನು ಒಳಗೆ ಹೋಯಿತು! ಬಿರುಕಿನೊಳಗೆ ವಿಭೂತಿ ತುಂಬಿಕೊಂಡಿತ್ತು. ಅವಳು ಸುತ್ತಿಗೆ ತಂದು ಒಂದೇ ಏಟು ಹಾಕಿದಳು. ನಾನು ಕೈಮುಗಿದಿದ್ದ ಹುಕ್ಕು ಎರಡು ತುಂಡಾಗಿ ಬಿತ್ತು.

ಹೊಲದ ದಾರಿಯ ಇಳಿಜಾರು ನೆನಪಾಯಿತು. ಹನ್ನೆರಡು ಜೀವ! ಗುಂಪಿನ ಹಿರಿಯ ಅಜ್ಜಿ ನನ್ನ ಕೈಯಲ್ಲಿದ್ದ ತೆಂಗಿನಕಾಯಿ ನೋಡಿ ಹೇಳಿದಳು:

"ಹಿಡಕೊಂಡು ಏನ್ ನಿಂತೀಯೋ? ಆ ಕಾಯಿ ನಿನ್ನ ಹೆಂಡ್ತಿ ಮುಂದ ಒಡಿ."